ಒಳಕಿವಿ ಕೆಟ್ಟರೆ ಹೆಜ್ಜೆ ಏಕೆ ತಪ್ಪುತ್ತದೆ?

ಪ್ರಶ್ನೆ: ನನಗೆ 58 ವರ್ಷ. ಕಳೆದ ನಾಲ್ಕು ತಿಂಗಳಿಂದ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದಾಗ, ಕೆಲವೊಮ್ಮೆ ಎತ್ತರದಲ್ಲಿರುವ ವಸ್ತುವನ್ನು ತೆಗೆಯಲು ತಲೆ ಎತ್ತಿದಾಗ, ಕೋಣೆಯೇ ಗಿರಗಿರನೆ ತಿರುಗಿದಂತಾಗುತ್ತದೆ. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಕತ್ತಲಲ್ಲಿ ನಡೆಯುವಾಗ ಓಲಾಡಿದಂತೆ ಅನಿಸುತ್ತದೆ. ಎರಡು ವರ್ಷದಿಂದ ಎಡಗಿವಿ ಮಂದವಾಗಿದೆ, ಗುಂಯ್‌ಗುಡುತ್ತದೆ. ಕತ್ತಿನ ಮೂಳೆ ಸವೆದಿದೆ ಎಂದು ಕಾಲರ್ ಮತ್ತು ತಲೆಸುತ್ತಿನ ಮಾತ್ರೆ ಕೊಟ್ಟಿದ್ದಾರೆ. ಮೂರು ತಿಂಗಳಿಂದ ನುಂಗುತ್ತಿದ್ದೇನೆ. ಕಿವಿಯ ತೊಂದರೆಯಿಂದ ಹೀಗೆ ಸಮತೋಲನ ತಪ್ಪಬಹುದೇ? ಮಾತ್ರೆ ಮುಂದುವರಿಸಬೇಕೇ?

ಉತ್ತರ: ಖಂಡಿತವಾಗಿ ತಪ್ಪಬಹುದು. ದೇಹದ ಸಮತೋಲನವನ್ನು ಕಾಯುವ ಮುಖ್ಯ ಅಂಗವೊಂದು ಒಳಕಿವಿಯಲ್ಲೇ ಇದೆ. ಆದರೆ ನೀವು ಬರೆದಿರುವ ಮೂರು ತೊಂದರೆಗಳಿಗೂ ಒಂದೇ ಕಾರಣವಿದೆ ಎಂದು ಭಾವಿಸಬೇಡಿ. ಅವನ್ನು ಬಿಡಿಸಿ ನೋಡುವುದೇ ಈ ಉತ್ತರದ ಮುಖ್ಯ ಕೆಲಸ. ಎಂಥ ತಲೆಸುತ್ತಾದರೂ ನಾವು ಮೊದಲು ಕೇಳುವುದು ಮೂರು ವಿಷಯ: ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದರೆ ಬರುತ್ತದೆ, ಅದರ ಜೊತೆಗೆ ಕೇಳುವ ಶಕ್ತಿಯೂ ಏರುಪೇರಾಗುತ್ತದೆಯೇ. ಸ್ಕ್ಯಾನಿಂಗ್ ಚಿತ್ರಗಳಿಗಿಂತ ಹೆಚ್ಚಿನ ಸುಳಿವು ಬಹಳ ಸಲ ಈ ಮೂರು ಉತ್ತರಗಳಲ್ಲೇ ಸಿಗುತ್ತದೆ. ನೀವು ಮೊದಲೆರಡನ್ನು ಸ್ಪಷ್ಟವಾಗಿ ತಿಳಿಸಿರುವುದರಿಂದ ನಿಮ್ಮ ಮುಖ್ಯ ತೊಂದರೆ ಯಾವುದಿರಬಹುದು ಎಂದು ಸಾಕಷ್ಟು ಭರವಸೆಯಿಂದ ಹೇಳಬಹುದು.

ಮೊದಲು ಒಳಕಿವಿಯ ರಚನೆಯನ್ನು ನೋಡೋಣ. ಕಿವಿತಮಟೆಯ ಹಿಂದಿನ ಮಧ್ಯಕಿವಿಯನ್ನು ದಾಟಿ ಇನ್ನೂ ಒಳಗೆ ಹೋದರೆ, ಕಪಾಲದ ಅತ್ಯಂತ ಗಟ್ಟಿ ಮೂಳೆಯೊಳಗೆ ದ್ರವ ತುಂಬಿದ ಪುಟ್ಟ ಚಕ್ರವ್ಯೂಹವಿದೆ. ಅದರ ಮುಂಭಾಗದಲ್ಲಿರುವ ಶಂಖದಂಥ ಸುರುಳಿ ಶಬ್ದವನ್ನು ಗ್ರಹಿಸುತ್ತದೆ. ಹಿಂಭಾಗದಲ್ಲಿ ಒಂದಕ್ಕೊಂದು ಹೆಚ್ಚುಕಡಿಮೆ ಲಂಬಕೋನದಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಇವೆರಡರ ನಡುವೆ ಎರಡು ಚಿಕ್ಕ ಚೀಲಗಳಿವೆ. ನೀರು ತುಂಬಿದ ಬೋಗುಣಿಯನ್ನು ಥಟ್ಟನೆ ತಿರುಗಿಸಿದರೆ ಬೋಗುಣಿ ತಿರುಗುತ್ತದೆ, ನೀರು ಮಾತ್ರ ಕ್ಷಣಕಾಲ ಹಿಂದೆ ಉಳಿಯುತ್ತದೆ. ತಲೆ ತಿರುಗಿಸಿದಾಗ ನಾಳದೊಳಗಿನ ದ್ರವವೂ ಹೀಗೆಯೇ ಹಿಂದೆ ಉಳಿದು, ನಾಳಕ್ಕೆ ಅಡ್ಡಲಾಗಿರುವ ಮೆದುವಾದ ಪರದೆಯೊಂದನ್ನು ಬಾಗಿಸುತ್ತದೆ. ಆ ಪರದೆಯ ಬುಡದಲ್ಲಿರುವ ಸೂಕ್ಷ್ಮ ಕೂದಲಕೋಶಗಳು ಬಾಗಿದ ದಿಕ್ಕನ್ನೂ ವೇಗವನ್ನೂ ನರದ ಮೂಲಕ ಮಿದುಳುಕಾಂಡಕ್ಕೆ ತಿಳಿಸುತ್ತವೆ. ಎರಡು ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಿನ ಸಹಸ್ರಾರು ಸೂಕ್ಷ್ಮ ಹರಳುಗಳು ಅಂಟಿನಂಥ ಪೊರೆಯ ಮೇಲೆ ಕೂತಿರುತ್ತವೆ. ಸುತ್ತಲಿನ ದ್ರವಕ್ಕಿಂತ ಭಾರವಾದ ಈ ಹರಳುಗಳು ಗುರುತ್ವದ ಸೆಳೆತಕ್ಕೆ ಜಾರುವುದರಿಂದ, ತಲೆ ಎತ್ತ ವಾಲಿದೆ, ದೇಹ ಮುಂದಕ್ಕೆ ಹೋಗುತ್ತಿದೆಯೇ ಮೇಲಕ್ಕೆ ಏರುತ್ತಿದೆಯೇ ಎಂಬುದು ಕಣ್ಣು ಮುಚ್ಚಿದ್ದರೂ ನಮಗೆ ತಿಳಿಯುತ್ತದೆ.

ಈ ಭಾಗಕ್ಕೂ ಸಮತೋಲನಕ್ಕೂ ಇರುವ ನಂಟು ಬಹಳ ತಡವಾಗಿ ಬೆಳಕಿಗೆ ಬಂತು. ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಪಿಯೆರ್ ಫ್ಲೋರೆನ್ಸ್ 1820ರ ದಶಕದಲ್ಲಿ ಪಾರಿವಾಳಗಳ ಅರ್ಧವೃತ್ತ ನಾಳಗಳನ್ನು ಕತ್ತರಿಸಿದಾಗ ಅವು ಕಿವುಡಾಗಲಿಲ್ಲ. ಕತ್ತರಿಸಿದ ನಾಳದ ದಿಕ್ಕಿನಲ್ಲೇ ತಲೆಯನ್ನು ಹೊಯ್ದಾಡಿಸುತ್ತ ನಿಲ್ಲಲಾರದೆ ಹೋದವು. ಮನುಷ್ಯರಲ್ಲಿ ತಲೆಸುತ್ತು ಮಿದುಳಿನಲ್ಲಿ ರಕ್ತ ಕಟ್ಟಿಕೊಳ್ಳುವುದರಿಂದ ಬರುತ್ತದೆ ಎಂದು ವೈದ್ಯರು ನಂಬಿದ್ದ ಕಾಲದಲ್ಲಿ, ಅದು ಒಳಕಿವಿಯಿಂದಲೂ ಬರಬಹುದೆಂದು 1861ರಲ್ಲಿ ಪ್ಯಾರಿಸ್ಸಿನ ಪ್ರೊಸ್ಪರ್ ಮೆನಿಯೇ ವಾದಿಸಿದರು. ಕಿವಿ ತೊಳೆಯುವ ನೀರು ತೀರ ತಣ್ಣಗಿದ್ದರೂ ತೀರ ಬಿಸಿಯಾಗಿದ್ದರೂ ರೋಗಿಗೆ ತಲೆ ತಿರುಗುವುದೇಕೆ ಎಂಬ ಪ್ರಶ್ನೆಯನ್ನು ಬೆನ್ನಟ್ಟಿದ ವಿಯೆನ್ನಾದ ರಾಬರ್ಟ್ ಬಾರಾನಿ ಅವರಿಗೆ, ಒಳಕಿವಿಯ ಸಮತೋಲನ ವ್ಯವಸ್ಥೆಯ ಅಧ್ಯಯನಕ್ಕಾಗಿ 1914ರ ನೊಬೆಲ್ ಪ್ರಶಸ್ತಿ ಬಂತು.

ಒಂದು ಕಿವಿ ಕೆಟ್ಟರೆ ಇಡೀ ಲೋಕವೇ ಸುತ್ತಿದಂತೆ ಏಕಾಗಬೇಕು? ನಾವು ಅಲುಗಾಡದೆ ಕೂತಿರುವಾಗಲೂ ಎರಡೂ ಕಿವಿಗಳ ಸಮತೋಲನ ನರಗಳು ಸುಮ್ಮನಿರುವುದಿಲ್ಲ. ಎರಡೂ ಕಡೆಯಿಂದ ಸಮಸಮವಾಗಿ ಸಂಕೇತಗಳು ಎಡೆಬಿಡದೆ ಹೋಗುತ್ತಿರುತ್ತವೆ. ತಲೆಯನ್ನು ಬಲಕ್ಕೆ ತಿರುಗಿಸಿದರೆ ಬಲಗಿವಿಯ ಸಂಕೇತ ಏರುತ್ತದೆ, ಎಡಗಿವಿಯದು ಇಳಿಯುತ್ತದೆ. ಮಿದುಳು ಓದುವುದು ಈ ಎರಡರ ವ್ಯತ್ಯಾಸವನ್ನು. ಕಾಯಿಲೆಯಿಂದ ಎಡಗಿವಿಯ ಸಂಕೇತ ಕುಸಿದರೂ ಅದೇ ವ್ಯತ್ಯಾಸ ಉಂಟಾಗುವುದರಿಂದ, ನೀವು ಹಾಸಿಗೆಯಲ್ಲಿ ಮಲಗಿದ್ದರೂ ಬಲಕ್ಕೆ ಸುತ್ತುತ್ತಿದ್ದೀರಿ ಎಂದೇ ಮಿದುಳು ತಿಳಿಯುತ್ತದೆ. ಕಣ್ಣು ಹಾಗಿಲ್ಲ ಎನ್ನುತ್ತದೆ, ಪಾದ ಮತ್ತು ಕೀಲುಗಳೂ ಹಾಗಿಲ್ಲ ಎನ್ನುತ್ತವೆ. ಈ ತಿಕ್ಕಾಟವೇ ತಲೆಸುತ್ತು. ಸಮತೋಲನದ ನರಕೇಂದ್ರಗಳಿಗೂ ವಾಂತಿಯ ಕೇಂದ್ರಕ್ಕೂ ಮಿದುಳುಕಾಂಡದಲ್ಲಿ ನೇರ ಸಂಪರ್ಕವಿರುವುದರಿಂದ ಓಕರಿಕೆ, ಬೆವರು, ಮುಖ ಬಿಳುಚುವಿಕೆ ಅದರ ಹಿಂದೆಯೇ ಬರುತ್ತವೆ.

ಒಳಕಿವಿಗೆ ಇನ್ನೊಂದು ಹೊಣೆಯಿದೆ: ತಲೆ ಅಲುಗಿದಾಗಲೂ ನೋಟ ಕದಲದಂತೆ ಕಾಪಾಡುವುದು. ಈ ಪುಟವನ್ನು ಕಣ್ಣ ಮುಂದೆ ಹಿಡಿದು, ತಲೆಯನ್ನು ನಿಲ್ಲಿಸಿ, ಪುಟವನ್ನು ಎಡಬಲಕ್ಕೆ ಬೇಗಬೇಗ ಆಡಿಸಿ, ಅಕ್ಷರಗಳು ಕಲಸಿಹೋಗುತ್ತವೆ. ಈಗ ಪುಟವನ್ನು ನಿಲ್ಲಿಸಿ, ಅಷ್ಟೇ ವೇಗದಲ್ಲಿ ತಲೆಯನ್ನು ಆಡಿಸಿ. ಆರೋಗ್ಯವಂತರಿಗೆ ಅಕ್ಷರಗಳು ಬಹುಮಟ್ಟಿಗೆ ಸ್ಪಷ್ಟವಾಗಿಯೇ ಕಾಣುತ್ತವೆ. ತಲೆ ಬಲಕ್ಕೆ ಹೋದಷ್ಟೂ ಕಣ್ಣುಗಳು ಎಡಕ್ಕೆ ಸರಿಯುವಂತೆ ಒಳಕಿವಿ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಮಯದಲ್ಲಿ ಆಜ್ಞೆ ಕೊಡುವುದೇ ಇದಕ್ಕೆ ಕಾರಣ. ಆದ್ದರಿಂದಲೇ ಒಳಕಿವಿಯ ತೊಂದರೆ ಕಣ್ಣಿನಲ್ಲಿ ಕಾಣುತ್ತದೆ. ತಲೆಸುತ್ತು ಬಂದಿರುವಾಗ ಕಣ್ಣುಗುಡ್ಡೆಗಳು ಒಂದು ಕಡೆಗೆ ಮೆಲ್ಲಗೆ ಜಾರಿ, ಮತ್ತೊಂದು ಕಡೆಗೆ ಥಟ್ಟನೆ ಜಿಗಿಯುತ್ತಿರುತ್ತವೆ. ಆ ಜಿಗಿತ ಯಾವ ದಿಕ್ಕಿಗೆ, ಎಷ್ಟು ಹೊತ್ತು ಎಂಬುದನ್ನು ನೋಡಿ ಯಾವ ಕಿವಿಯ ಯಾವ ನಾಳ ಕೆಟ್ಟಿದೆ ಎಂದು ಹೇಳಬಹುದು. ತಲೆಸುತ್ತಿನ ರೋಗಿಯ ಕಣ್ಣನ್ನು ಪರೀಕ್ಷಿಸದೆ ಚೀಟಿ ಬರೆಯುವುದು ಅಪೂರ್ಣ ಪರೀಕ್ಷೆ ಎಂದೇ ನನ್ನ ಅಭಿಪ್ರಾಯ.

ಈಗ ನಿಮ್ಮ ಅರ್ಧ ನಿಮಿಷದ ತಲೆಸುತ್ತಿಗೆ ಬರೋಣ. ಮಗ್ಗುಲು ಬದಲಿಸಿದಾಗ, ತಲೆ ಎತ್ತಿದಾಗ ಅಥವಾ ಬಗ್ಗಿದಾಗ ಬಂದು, ಒಂದು ನಿಮಿಷದೊಳಗೆ ಅಡಗುವ, ಆ ಹೊತ್ತಿನಲ್ಲಿ ಕೇಳುವ ಶಕ್ತಿಯನ್ನು ಏರುಪೇರು ಮಾಡದ ತಲೆಸುತ್ತಿಗೆ ಅತ್ಯಂತ ಸಾಮಾನ್ಯ ಕಾರಣ ಹರಳುಗಳ ಸ್ಥಾನಪಲ್ಲಟ. ವೈದ್ಯರ ಚೀಟಿಯಲ್ಲಿ ಇದು ‘ಬಿಪಿಪಿವಿ’ ಎಂದಿರುತ್ತದೆ. ಚೀಲದಲ್ಲಿರಬೇಕಾದ ಹರಳುಗಳಲ್ಲಿ ಕೆಲವು ಕಳಚಿ ಅರ್ಧವೃತ್ತ ನಾಳದೊಳಗೆ, ಹೆಚ್ಚಿನವರಲ್ಲಿ ಹಿಂದಿನ ನಾಳಕ್ಕೆ, ಸೇರಿಕೊಳ್ಳುತ್ತವೆ. ತಲೆಯ ಭಂಗಿ ಬದಲಾದಾಗ ಅವು ನಾಳದಲ್ಲಿ ಕೆಳಕ್ಕೆ ಜಾರುತ್ತ ದ್ರವವನ್ನು ಎಳೆಯುತ್ತವೆ. ತಿರುಗುವಿಕೆಯನ್ನು ಅಳೆಯಬೇಕಾದ ನಾಳ ಗುರುತ್ವಕ್ಕೆ ಸ್ಪಂದಿಸತೊಡಗುತ್ತದೆ. ಹರಳು ತಳ ಮುಟ್ಟಿದೊಡನೆ ಸುತ್ತು ನಿಲ್ಲುತ್ತದೆ. 50 ದಾಟಿದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ತಲೆಗೆ ಪೆಟ್ಟು ಬಿದ್ದವರಲ್ಲಿ, ಬಹುಕಾಲ ಹಾಸಿಗೆ ಹಿಡಿದವರಲ್ಲಿ ಇದು ಹೆಚ್ಚು. ಎಷ್ಟೋ ಜನರಲ್ಲಿ ಯಾವ ಕಾರಣವೂ ಸಿಗುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಬೇಕಾದದ್ದು ಒಂದು ಮಂಚ ಮತ್ತು ಐದು ನಿಮಿಷ. ರೋಗಿಯನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಹಾಗೆಯೇ ಹಿಂದಕ್ಕೆ ಬೇಗನೆ ಮಲಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಗೆ ಇಳಿಯುವಂತೆ ಹಿಡಿಯುತ್ತೇವೆ. 1952ರಲ್ಲಿ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ವಿವರಿಸಿದ ಪರೀಕ್ಷೆ ಇದು. ಮೊದಲ ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ರೋಗಿ ನಮ್ಮ ತೋಳನ್ನು ಬಿಗಿಯಾಗಿ ಹಿಡಿಯುತ್ತಾರೆ. ಕಣ್ಣುಗುಡ್ಡೆಗಳು ಹಣೆಯ ಕಡೆಗೆ ಜಿಗಿಯುತ್ತ, ಜೊತೆಗೆ ಕೆಳಗಿರುವ ಕಿವಿಯ ಕಡೆಗೆ ಹೊರಳುತ್ತ ವೇಗ ಪಡೆದು, ಮೆಲ್ಲಗೆ ತಣಿಯುತ್ತವೆ. ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರೆ ಸುತ್ತು ಮೊದಲಿಗಿಂತ ಕಡಿಮೆ. ಇಷ್ಟು ಕಂಡರೆ ಬಲಗಿವಿಯ ಹಿಂದಿನ ನಾಳದಲ್ಲಿ ಹರಳುಗಳಿವೆ ಎಂದು ತಿಳಿಯಲು ಬೇರೆ ಸಾಕ್ಷ್ಯ ಬೇಡ.

ಚಿಕಿತ್ಸೆಯೂ ಅದೇ ಮಂಚದ ಮೇಲೆ ನಡೆಯುತ್ತದೆ. ಅಮೆರಿಕದ ಜಾನ್ ಎಪ್ಲಿ ರೂಪಿಸಿದ ವಿಧಾನದಲ್ಲಿ, ಬಲಗಿವಿ ಕೆಳಗಿರುವ ಆ ಭಂಗಿಯಲ್ಲಿ ಅರ್ಧದಿಂದ ಒಂದು ನಿಮಿಷ ಕಾದು, ತಲೆಯನ್ನು ಎಡಕ್ಕೆ 90 ಡಿಗ್ರಿ ತಿರುಗಿಸಿ ಮತ್ತೆ ಅಷ್ಟೇ ಹೊತ್ತು ಕಾಯುತ್ತೇವೆ. ನಂತರ ದೇಹವನ್ನು ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲದ ಕಡೆಗೆ ಓರೆಯಾಗುವಂತೆ ತಲೆ ಬಾಗಿಸಿ ಕಾದು, ಕೊನೆಗೆ ಎಬ್ಬಿಸಿ ಕೂರಿಸುತ್ತೇವೆ. ಪ್ರತಿ ಹಂತದಲ್ಲೂ ಹರಳುಗಳು ನಾಳದ ಬಾಗಿನಲ್ಲಿ ಇನ್ನಷ್ಟು ಮುಂದೆ ಸರಿದು, ಕೊನೆಗೆ ತಾವು ಬಂದ ಚೀಲಕ್ಕೇ ಬೀಳುತ್ತವೆ. ಬಹುಪಾಲು ಜನರಿಗೆ ಒಂದೆರಡು ಸಲ ಮಾಡಿದರೆ ಸಾಕಾಗುತ್ತದೆ. ಇದನ್ನು ಓದಿ ಪರೀಕ್ಷೆಯಿಲ್ಲದೆ ಮನೆಯಲ್ಲೇ ಪ್ರಯತ್ನಿಸಬೇಡಿ ಎಂದು ಕಳಕಳಿಯಿಂದ ಕೇಳುತ್ತೇನೆ. ಹರಳು ಇರುವ ಕಿವಿ ಯಾವುದು ಎಂದು ಗೊತ್ತಿಲ್ಲದೆ ಮಾಡಿದರೆ ಫಲವಿಲ್ಲ. ಅದು ಪಕ್ಕದ ನಾಳದಲ್ಲಿದ್ದರೆ, ಅಂದರೆ ಎರಡೂ ಮಗ್ಗುಲಿಗೆ ಹೊರಳಿದಾಗಲೂ ಸುತ್ತು ಜೋರಾಗಿ ಬರುವಂತಿದ್ದರೆ, ವಿಧಾನವೇ ಬೇರೆ. ಕತ್ತಿನ ಮೂಳೆಯ ತೀವ್ರ ತೊಂದರೆ ಅಥವಾ ಕತ್ತಿನ ರಕ್ತನಾಳದ ಕಾಯಿಲೆ ಇದ್ದವರಲ್ಲಿ ಭಂಗಿಗಳನ್ನು ಬದಲಿಸಿಕೊಳ್ಳಬೇಕಾಗುತ್ತದೆ.

ಕತ್ತಿನ ಮಾತು ಬಂದದ್ದರಿಂದ ಹೇಳುತ್ತೇನೆ. 50 ದಾಟಿದವರ ಕತ್ತಿನ ಎಕ್ಸ್‌ರೇ ತೆಗೆದರೆ ಬಹಳಷ್ಟು ಜನರಲ್ಲಿ ಸವೆತ ಕಾಣುತ್ತದೆ. ಅವರಲ್ಲಿ ಹೆಚ್ಚಿನವರಿಗೆ ತಲೆಸುತ್ತು ಇರುವುದಿಲ್ಲ. ಮಗ್ಗುಲು ಹೊರಳುವಾಗ ಕತ್ತೂ ತಿರುಗುತ್ತದೆ, ತಲೆಯೂ ತಿರುಗುತ್ತದೆ. ಅಪವಾದ ಕತ್ತಿನ ಮೇಲೆ ಬೀಳುತ್ತದೆ. ಕಾಲರ್ ಹಾಕಿಕೊಂಡವರಿಗೆ ಸುತ್ತು ತುಸು ಕಡಿಮೆಯಾಯಿತು ಎನಿಸುವುದು ತಲೆಯನ್ನು ಆಡಿಸುವುದೇ ಕಡಿಮೆಯಾಗುವುದರಿಂದ, ಕಾರಣ ಹೋದದ್ದರಿಂದ ಅಲ್ಲ.

ಮಾತ್ರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಯಾವ ಮಾತ್ರೆಯೂ ನಾಳದಲ್ಲಿರುವ ಹರಳನ್ನು ಹೊರಹಾಕಲಾರದು. ಪ್ರೋಕ್ಲೋರ್‌ಪೆರಜೀನ್, ಸಿನ್ನರಿಜೀನ್‌ನಂಥ ಔಷಧಗಳು ಸಮತೋಲನದ ಸಂಕೇತಗಳನ್ನು ಮಂಕುಗೊಳಿಸಿ ಸುತ್ತನ್ನೂ ವಾಂತಿಯನ್ನೂ ತಗ್ಗಿಸುತ್ತವೆ; ತೀವ್ರ ದಾಳಿಯ ಮೊದಲ ಎರಡು ಮೂರು ದಿನ ಇವು ಬಹಳ ಉಪಕಾರಿ. ತಿಂಗಳುಗಟ್ಟಲೆ ನುಂಗಿದರೆ ಎರಡು ರೀತಿಯ ಹಾನಿಯಿದೆ. ಒಂದು, ಕಿವಿಯ ಕೊರತೆಯನ್ನು ಮಿದುಳು ತಾನಾಗಿ ಸರಿದೂಗಿಸಿಕೊಳ್ಳುವ ಪ್ರಕ್ರಿಯೆ ನಿಧಾನವಾಗುತ್ತದೆ. ಎರಡು, ಮಂಪರು ಮತ್ತು ಬೀಳುವ ಅಪಾಯ ಹೆಚ್ಚುತ್ತದೆ. ವಯಸ್ಸಾದವರಲ್ಲಿ ಕೈನಡುಕ, ಮೈ ಬಿಗಿತ, ನಿಧಾನ ನಡಿಗೆ ಕಾಣಿಸಿಕೊಂಡು ಪಾರ್ಕಿನ್‌ಸನ್ ಕಾಯಿಲೆಯೇ ಬಂದಂತೆ ತೋರಬಹುದು. ನಿಮ್ಮ ಚೀಟಿಯಲ್ಲಿರುವುದು ಬೀಟಾಹಿಸ್ಟಿನ್ ಆಗಿದ್ದರೆ ಅದು ಈ ಗುಂಪಿನದಲ್ಲ, ಆದರೆ ಹರಳಿನ ತೊಂದರೆಗೆ ಅದೂ ಮದ್ದಲ್ಲ. ಚೀಟಿಯನ್ನು ಹಿಡಿದು ವೈದ್ಯರ ಬಳಿಗೆ ಹೋಗಿ, ಇನ್ನೂ ಎಷ್ಟು ದಿನ, ಯಾವ ಉದ್ದೇಶಕ್ಕೆ ಎಂದು ನೇರವಾಗಿ ಕೇಳಿ, ಅವರ ಸಲಹೆಯಂತೆ ನಿಲ್ಲಿಸಿ.

ಒಳಕಿವಿಯ ಬೇರೆ ಕಾಯಿಲೆಗಳನ್ನೂ ಅವಧಿಯ ಲೆಕ್ಕದಲ್ಲೇ ಗುರುತಿಸಬಹುದು. ಸಮತೋಲನ ನರಕ್ಕೆ ಉರಿಯೂತ ಬಂದರೆ, ಇದು ಹೆಚ್ಚಾಗಿ ವೈರಸ್‌ನಿಂದ ಎಂದು ನಂಬಲಾಗಿದೆ, ಒಂದೇ ಸಲ ಭಾರೀ ಸುತ್ತು, ವಾಂತಿ ಶುರುವಾಗಿ ದಿನಗಟ್ಟಲೆ ಬಿಡುವುದಿಲ್ಲ, ಕೇಳುವುದಕ್ಕೆ ತೊಂದರೆಯಿರುವುದಿಲ್ಲ. ಕೇಳುವ ಭಾಗಕ್ಕೂ ಉರಿಯೂತ ಹಬ್ಬಿದ್ದರೆ ಕಿವಿಯೂ ಮಂದವಾಗುತ್ತದೆ. ಮೆನಿಯೇ ಕಾಯಿಲೆಯಲ್ಲಿ ಒಳಕಿವಿಯ ದ್ರವ ಉಬ್ಬರಿಸುತ್ತದೆ: ಕಿವಿ ತುಂಬಿ ಬಿಗಿದಂತಾಗಿ, ಗುಂಯ್‌ಗುಡುವಿಕೆ ಜೋರಾಗಿ, ಕೇಳುವುದು ಕುಗ್ಗಿ, 20 ನಿಮಿಷದಿಂದ 12 ಗಂಟೆಯವರೆಗೆ ಸುತ್ತು ಕಾಡುತ್ತದೆ; ದಾಳಿ ಇಳಿದ ಮೇಲೆ ಕಿವಿ ಮೊದಮೊದಲು ಚೇತರಿಸಿಕೊಂಡರೂ ವರ್ಷಗಳು ಕಳೆದಂತೆ ಕಿವುಡು ನೆಲೆಯೂರುತ್ತದೆ. ಮೈಗ್ರೇನ್ ಇರುವವರಿಗೆ ತಲೆನೋವೇ ಇಲ್ಲದೆ ಸುತ್ತು ಮಾತ್ರ ಬರುವುದುಂಟು. ನಿಮಿಷಗಳಿಂದ ಹಿಡಿದು ಮೂರು ದಿನದವರೆಗೂ ಇರಬಹುದಾದ ಇದನ್ನು ಮೆನಿಯೇ ಎಂದು ತಪ್ಪಾಗಿ ತಿಳಿಯುವುದೂ ಉಂಟು. ಕುಳಿತಲ್ಲಿಂದ ಎದ್ದಾಗ ಮಾತ್ರ ಕಣ್ಣು ಕತ್ತಲೆ ಬಂದು ತಲೆ ಹಗುರಾಗುವುದು ಸಾಮಾನ್ಯವಾಗಿ ರಕ್ತದೊತ್ತಡ ಇಳಿಯುವುದರಿಂದ; ಅದು ಕಿವಿಯ ಕೆಲಸವಲ್ಲ.

ಬಹುಕಾಲದಿಂದ ಸೋರುವ ಕಿವಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅದಕ್ಕೆ ಒಗ್ಗಿಹೋದವರು ತುಂಬ ಜನ. ಕೆಟ್ಟ ವಾಸನೆಯ ಕೀವು ಪದೇ ಪದೇ ಬರುವ ಕೆಲವು ಕಿವಿಗಳಲ್ಲಿ, ಚರ್ಮದ ಪೊರೆ ಮಧ್ಯಕಿವಿಯೊಳಗೆ ಗಂಟಿನಂತೆ ಬೆಳೆದು ಸುತ್ತಲಿನ ಮೂಳೆಯನ್ನು ಕೊರೆಯುತ್ತ ಅರ್ಧವೃತ್ತ ನಾಳದ ಗೋಡೆಯನ್ನೇ ತೂತು ಮಾಡಬಹುದು. ಆಗ ಕಿವಿಯನ್ನು ಒತ್ತಿದರೂ, ಸೀನಿದರೂ ತಲೆ ತಿರುಗುತ್ತದೆ. ಸೋರುವ ಕಿವಿಗೆ ತಲೆಸುತ್ತು ಜೊತೆಯಾದರೆ ಒಂದು ದಿನವೂ ತಡಮಾಡಬಾರದು. ಇದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ, ಸೋಂಕು ಮಿದುಳಿನವರೆಗೂ ಹೋಗಬಲ್ಲದು.

ಕತ್ತಲಿನ ಓಲಾಟಕ್ಕೆ ವಿವರಣೆ ಸರಳ. ನಿಲ್ಲಲು ನಮಗೆ ಮೂರು ಮಾಹಿತಿಗಳು ಬೇಕು: ಕಣ್ಣಿನದು, ಒಳಕಿವಿಯದು, ಪಾದ ಮತ್ತು ಕೀಲುಗಳದು. ದೀಪ ಆರಿದರೆ ಕಣ್ಣಿನದು ಹೋಗುತ್ತದೆ; ಉಳಿದೆರಡರಲ್ಲಿ ಒಂದು ದುರ್ಬಲವಾಗಿದ್ದರೂ ಓಲಾಟ ಶುರು. ಹರಳಿನ ತೊಂದರೆಯಿದ್ದವರಲ್ಲಿ ಈ ಓಲಾಟ ಸಾಮಾನ್ಯ, ಹರಳು ಸರಿಯಾದ ಮೇಲೂ ಕೆಲವು ವಾರ ಉಳಿಯಬಹುದು. ಆದರೆ ನಿಮಗೆ ಮಧುಮೇಹವಿದ್ದು ಪಾದ ಜೋಮು ಹಿಡಿಯುತ್ತದೆಯೇ, ಹಿಂದೆಂದಾದರೂ ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದುಗಳನ್ನು ಹಲವು ದಿನ ತೆಗೆದುಕೊಂಡಿದ್ದೀರಾ ಎಂಬುದನ್ನೂ ವೈದ್ಯರಿಗೆ ತಿಳಿಸಿ. ಈ ಎರಡು ಔಷಧಗಳು ಎರಡೂ ಕಿವಿಗಳ ಕೂದಲಕೋಶಗಳನ್ನು ಒಟ್ಟಿಗೆ ಕೊಲ್ಲಬಲ್ಲವು. ಎರಡೂ ಕಡೆ ಸಮನಾಗಿ ಕೆಟ್ಟರೆ ವ್ಯತ್ಯಾಸವೇ ಇಲ್ಲದ ಕಾರಣ ತಲೆ ಗಿರಗಿರನೆ ಸುತ್ತುವುದಿಲ್ಲ. ಬದಲಿಗೆ ನಡೆಯುವಾಗ ರಸ್ತೆ, ಗೋಡೆ, ಎದುರಿನ ಮುಖ ಎಲ್ಲವೂ ಕುಣಿದಂತೆ ಕಾಣುತ್ತವೆ, ಕತ್ತಲಲ್ಲಿ ಹೆಜ್ಜೆ ಇಡುವುದೇ ಆಗುವುದಿಲ್ಲ. ಸುತ್ತು ಇಲ್ಲವೆಂಬ ಕಾರಣಕ್ಕೇ ಇಂಥವರ ತೊಂದರೆಯನ್ನು ಯಾರೂ ಕಿವಿಯದೆಂದು ಗುರುತಿಸದೆ ಹೋಗುವುದು ನನಗೆ ಬಹಳ ನೋವಿನ ಸಂಗತಿ.

ಎಡಗಿವಿಯನ್ನು ಮಾತ್ರ ಈ ಹರಳಿನ ಕಥೆಯೊಳಗೆ ಸೇರಿಸಬೇಡಿ. ಬಿಪಿಪಿವಿ ಕಿವುಡನ್ನು ತರುವುದಿಲ್ಲ. ಮೇಲಾಗಿ ನಿಮ್ಮ ಸುತ್ತು ಬರುವುದು ಬಲಮಗ್ಗುಲಿಗೆ. ಗುಗ್ಗೆ ಕಟ್ಟಿಕೊಂಡಿರುವಷ್ಟು ಸಣ್ಣ ಕಾರಣವೂ ಇರಬಹುದು. ಆದರೆ ಒಂದೇ ಕಿವಿ ಮಂದವಾಗಿ, ಅದೇ ಕಿವಿ ಗುಂಯ್‌ಗುಟ್ಟುತ್ತಿದ್ದರೆ ಶ್ರವಣ ಪರೀಕ್ಷೆ ಆಗಲೇಬೇಕು. ಎರಡು ಕಿವಿಗಳ ನಡುವೆ ಗಣನೀಯ ವ್ಯತ್ಯಾಸ ಕಂಡು, ಅದು ನರದ ಬಗೆಯ ಕಿವುಡಾಗಿದ್ದರೆ ಎಂಆರ್‌ಐ ಮಾಡಿಸಬೇಕು. ಸಮತೋಲನ ನರದ ಹೊದಿಕೆಯಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆಯೊಂದು ಹೀಗೆಯೇ ಆರಂಭವಾಗುತ್ತದೆ. ಅದು ಅಪರೂಪ, ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ಮತ್ತು ಅದು ಬೆಳೆಯುವಷ್ಟೇ ನಿಧಾನವಾಗಿ ಮಿದುಳು ಹೊಂದಿಕೊಳ್ಳುವುದರಿಂದ ದೊಡ್ಡ ತಲೆಸುತ್ತನ್ನೇನೂ ತರುವುದಿಲ್ಲ. ಹೆದರಬೇಕಾಗಿಲ್ಲ, ಆದರೆ ಎರಡು ವರ್ಷ ಆಗಲೇ ಕಳೆದಿದೆ.

ಕೆಲವು ಲಕ್ಷಣಗಳಿದ್ದರೆ ಕಿವಿ ತಜ್ಞರ ಸರದಿಗಾಗಿ ಕಾಯದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ತಲೆಸುತ್ತಿನ ಜೊತೆ ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮುಖ ಸೊಟ್ಟಗಾಗುವುದು, ಕೈಕಾಲಿನ ಶಕ್ತಿ ಅಥವಾ ಸ್ಪರ್ಶ ಹೋಗುವುದು, ಹಿಂದೆಂದೂ ಇಲ್ಲದ ತೀವ್ರ ತಲೆನೋವು, ಆಧಾರವಿಲ್ಲದೆ ನಿಲ್ಲಲೂ ಆಗದಿರುವುದು: ಇವು ಕಿರುಮಿದುಳಿನ ಅಥವಾ ಮಿದುಳುಕಾಂಡದ ಪಾರ್ಶ್ವವಾಯುವಿನ ಗುರುತಾಗಿರಬಹುದು. ಎಡೆಬಿಡದೆ ಸುತ್ತುತ್ತಿರುವ ರೋಗಿಯ ತಲೆಯನ್ನು ವೈದ್ಯರು ಥಟ್ಟನೆ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಚಲನೆ ನೋಡುತ್ತಾರೆ. ಕಣ್ಣು ಗುರಿ ತಪ್ಪಿ ಮತ್ತೆ ಸರಿಪಡಿಸಿಕೊಂಡರೆ ದೋಷ ಕಿವಿಯದಿರಬಹುದು. ಕಣ್ಣು ಗುರಿಯಲ್ಲೇ ನೆಟ್ಟಿದ್ದರೆ, ಅಂದರೆ ಪರೀಕ್ಷೆ ‘ಸರಿ’ ಎಂದು ಬಂದರೆ, ಮಿದುಳಿನ ಬಗ್ಗೆ ಆತಂಕ ಹೆಚ್ಚುತ್ತದೆ. ಮೊದಲ ಒಂದೆರಡು ದಿನ ಎಂಆರ್‌ಐ ಕೂಡ ಇಂಥ ಪಾರ್ಶ್ವವಾಯುವನ್ನು ತೋರಿಸದೆ ಹೋಗಬಹುದಾದ್ದರಿಂದ ಈ ಪರೀಕ್ಷೆಗೆ ಅಷ್ಟು ಬೆಲೆ. ಒಂದು ಕಿವಿ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ದಿಢೀರನೆ ಕೇಳದಂತಾದರೆ ಅದೂ ತುರ್ತೇ. ಸ್ಟೆರಾಯ್ಡ್ ಚಿಕಿತ್ಸೆಯನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು.

ಹರಳು ಸರಿಹೋದ ಮೇಲೂ ಓಲಾಟ ಉಳಿದರೆ ಮಲಗಿಬಿಡಬೇಡಿ. ಮನುಷ್ಯರ ಒಳಕಿವಿಯಲ್ಲಿ ಸತ್ತ ಕೂದಲಕೋಶಗಳು ಕೆಲಸಕ್ಕೆ ಬರುವಷ್ಟು ಮತ್ತೆ ಹುಟ್ಟುವುದಿಲ್ಲ. ಗುಣವಾಗುವುದೆಲ್ಲ ಮಿದುಳು ಹೊಸ ಲೆಕ್ಕಾಚಾರವನ್ನು ಕಲಿಯುವುದರಿಂದ, ಮತ್ತು ಆ ಕಲಿಕೆ ತಲೆಯನ್ನು ಆಡಿಸಿದರೆ ಮಾತ್ರ ಆಗುತ್ತದೆ. ಚಾಚಿದ ಹೆಬ್ಬೆರಳನ್ನು ದಿಟ್ಟಿಸುತ್ತ ತಲೆಯನ್ನು ಎಡಬಲಕ್ಕೆ, ಮೇಲೆಕೆಳಗೆ ಆಡಿಸುವುದು, ಗೋಡೆಯ ಪಕ್ಕದಲ್ಲಿ ಪಾದದ ಮುಂದೆ ಪಾದವಿಟ್ಟು ನಡೆಯುವುದು ಮುಂತಾದ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ. ಆರಂಭದ ದಿನಗಳಲ್ಲಿ ಇವು ತುಸು ಸುತ್ತು ತರುತ್ತವೆ. ಅದಕ್ಕೆ ಹೆದರಿ ನಿಲ್ಲಿಸಿದವರ ಚೇತರಿಕೆ ಅಲ್ಲಿಗೇ ನಿಲ್ಲುತ್ತದೆ. ಚಿಕಿತ್ಸೆ ಆಗುವವರೆಗೆ ಏಣಿ ಹತ್ತಬೇಡಿ, ವಾಹನ ಓಡಿಸಬೇಡಿ, ರಾತ್ರಿ ಶೌಚಾಲಯದ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ, ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ.

ಈ ತೊಂದರೆ ಮರಳಿ ಬರುವ ಸ್ವಭಾವದ್ದು ಎಂಬುದೂ ನಿಮಗೆ ಗೊತ್ತಿರಲಿ. ಕೆಲವು ವರ್ಷಗಳೊಳಗೆ ಮೂರರಲ್ಲಿ ಒಬ್ಬರಿಗಾದರೂ ಮತ್ತೆ ಬರುತ್ತದೆ. ಅದೇ ವಿಧಾನದಿಂದ ಮತ್ತೆ ಸರಿಯಾಗುತ್ತದೆ. ವಿಟಮಿನ್ ಡಿ ಕೊರತೆಯಿರುವವರಲ್ಲಿ ಆ ಕೊರತೆಯನ್ನು ತುಂಬಿದರೆ ಮರುಕಳಿಕೆ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ, ಆದ್ದರಿಂದ ರಕ್ತ ಪರೀಕ್ಷೆಯ ಪಟ್ಟಿಯಲ್ಲಿ ಅದನ್ನೂ ಸೇರಿಸಲು ಕೇಳಿ. ಇ.ಎನ್.ಟಿ. ತಜ್ಞರ ಬಳಿಗೆ ಹೋಗುವಾಗ ಎರಡು ಬೇಡಿಕೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ: ಬಲಗಿವಿಗೆ ಡಿಕ್ಸ್–ಹಾಲ್‌ಪೈಕ್ ಪರೀಕ್ಷೆ, ಎಡಗಿವಿಗೆ ಶ್ರವಣ ಪರೀಕ್ಷೆ.